ಪೇಟೆಯ ಹಳೆಯ ಕಲ್ಲು, ಹಬ್ಬದ ತಳಿರು

ಮಹಾನವಮಿ ಮುಗಿದು ದೀಪಾವಳಿ ಅಮಾವಾಸ್ಯೆ ಹತ್ತಿರವಾದಂತೆ ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ, ಚಿಂಚೋಳಿಗಳ ಪೇಟೆಗೆ ಈಗಲೂ ಒಂದು ಗಡಿಬಿಡಿ ಬರುತ್ತದೆ. ಸರಕು ಹೊರಗೆ ಬಂದು ಕಟ್ಟೆಯ ಮೇಲೆ ಕೂಡುತ್ತದೆ, ಜೇಡರ ಬಲೆ ಕೆಳಗಿಳಿಯುತ್ತದೆ, ತಕ್ಕಡಿ ಹುಣಸೆಹಣ್ಣಿನ ಹುಳಿ ಕಂಡು ಹೊಳೆಯುತ್ತದೆ. ಈಚಿನ ವರ್ಷಗಳಲ್ಲಿ ಇದರ ಜೊತೆಗೆ ಹೊಸದೊಂದು ಆಸೆಯೂ ಸೇರಿಕೊಂಡಿದೆ. ಅಜ್ಜ ಕಟ್ಟಿಸಿದ ಕಲ್ಲಿನ ಅಂಗಡಿಯನ್ನು ಉಳಿಸಿಕೊಂಡ ಮೊಮ್ಮಕ್ಕಳು ಹಬ್ಬಕ್ಕೆ ಅದನ್ನು ಹಿಂದಿನ ಕಾಲದಂತೆಯೇ ಸಿಂಗರಿಸಬೇಕು ಎನ್ನುತ್ತಿದ್ದಾರೆ. ಬಹಳ ಒಳ್ಳೆಯ ಆಸೆ ಇದು. ಹೊಸದೆಂಬುದೆಲ್ಲ ಚೆಂದವೆಂದು ನಂಬಿ ಮೂರ್ನಾಲ್ಕು ದಶಕ ಕಳೆದ ಊರುಗಳಲ್ಲಿ ಈ ಮಾತು ಕೇಳಿಬರುತ್ತಿರುವುದೇ ಸಮಾಧಾನದ ಸಂಗತಿ. ಆದರೆ ಹಿಂದಿನ ಕಾಲ ಎಂದರೆ ಯಾವುದು, ಆಗ ಪೇಟೆ ಏನನ್ನು ಉಟ್ಟು ತೊಟ್ಟು ಹಬ್ಬಕ್ಕೆ ನಿಲ್ಲುತ್ತಿತ್ತು, ಏಕೆ ನಿಲ್ಲುತ್ತಿತ್ತು ಎಂಬುದನ್ನು ಒಮ್ಮೆ ನೆನೆಯದೆ ಈ ಕೆಲಸಕ್ಕೆ ಕೈಹಾಕಿದರೆ ಉಳಿಯುವುದು ನಾಟಕದ ಪರದೆ ಮಾತ್ರ. ನಮ್ಮ ಹಿರಿಯರ ಹಬ್ಬದ ಸಿಂಗಾರ ಮೂಲತಃ ಕಟ್ಟಡದ ವಾರ್ಷಿಕ ಆರೈಕೆಯಾಗಿತ್ತು. ಆರೈಕೆ ಬಿಟ್ಟುಹೋದ ಮೇಲೆ ಅಲಂಕಾರವೊಂದೇ ಉಳಿಯಿತು. ಒಂದೂವರೆ ಶತಮಾನದ ಲೆಕ್ಕವನ್ನು ತೆರೆದು ನೋಡಿದರೆ ಎದ್ದು ಕಾಣುವ ನಷ್ಟ ಇದೇ.

ನಮ್ಮ ಪೇಟೆಗಳು ಇಂದಿನ ರೂಪ ಪಡೆದದ್ದು ರೈಲಿನಿಂದ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರು ಮುಟ್ಟಿತು. ಮೂರು ವರ್ಷಗಳ ನಂತರ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಸಂಸ್ಥಾನದ ಮಾರ್ಗ ತೆರೆಯಿತು. ಚಿತ್ತಾಪುರ, ಮಳಖೇಡ, ಸೇಡಂಗಳು ಈ ಎರಡನೆಯ ಹಳಿಯ ಮೇಲೆ ಬಂದವು. ಶಹಾಬಾದು ಮೊದಲನೆಯದರ ಮೇಲೆ. ಅದುವರೆಗೆ ಎತ್ತಿನ ಬಂಡಿ ಎಳೆದಷ್ಟು ದೂರ ಮಾತ್ರ ಹೋಗುತ್ತಿದ್ದ ತೊಗರಿ, ಜೋಳ, ಹತ್ತಿ ಈಗ ವ್ಯಾಗನ್ ಹತ್ತಿದವು. ಅವುಗಳ ಜೊತೆ ನಮ್ಮ ಕಾಲಡಿಯ ಕಲ್ಲೂ ಹತ್ತಿತು. ಭೀಮಾ ಕೊಳ್ಳದ ಸುಣ್ಣಕಲ್ಲು ಪದರ ಪದರವಾಗಿ ಕುಳಿತದ್ದು. ಉಳಿ ಇಟ್ಟು ಬಡಿದರೆ ರೊಟ್ಟಿಯಂತೆ ಏಳುತ್ತದೆ. ಊರೂರಿನ ಪಡಸಾಲೆಗೆ, ರೈಲ್ವೆ ನಿಲ್ದಾಣದ ಫಲಾಟಿಗೆ ಹಾಸಾಗಿ ಹೋದ ಆ ಕಲ್ಲಿಗೆ ನಾಡು ಶಹಾಬಾದಿನ ಹೆಸರನ್ನೇ ಇಟ್ಟಿತು. ಊರಲ್ಲಿ ಉಳಿದ ಕಲ್ಲು ಪೇಟೆಯಾಯಿತು. ಗೋಡೆಗೆ ಕಲ್ಲು, ನೆಲಕ್ಕೆ ಕಲ್ಲು, ಮುಂದಿನ ಕಟ್ಟೆಗೆ ಕಲ್ಲು, ಬಿಸಿಲು ತಡೆಯಲು ಮುಂಚಾಚಿದ ಛಜ್ಜಕ್ಕೂ ಕಲ್ಲು. ಬಾಗಿಲ ಎರಡೂ ಬದಿಗೆ ದೀಪದ ಮಾಡ, ತೊಲೆಗೆ ಹೊಡೆದ ಕಬ್ಬಿಣದ ಕೊಂಡಿ, ಒಳಗೆ ಗಾದಿ, ಗಾದಿಯ ಮುಂದೆ ಇಳಿಜಾರಿನ ಮೇಜು, ಮೇಜಿನ ಮೇಲೆ ಕೆಂಪು ಬಟ್ಟೆಯ ಖಾತೆ ಪುಸ್ತಕ. ಆ ಮಾಡ, ಆ ಕೊಂಡಿ, ಆ ಕಟ್ಟೆ ಮೂರೂ ಕಟ್ಟುವಾಗಲೇ ಹಬ್ಬವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಅಲಂಕಾರಕ್ಕೆಂದು ಯಾರೂ ಗೋಡೆಗೆ ಮೊಳೆ ಹೊಡೆಯಬೇಕಿರಲಿಲ್ಲ.

ಅಂದಿನ ಹಬ್ಬದ ಸಿದ್ಧತೆ ಸುಣ್ಣದ ಗುಂಡಿಯಿಂದ ಶುರುವಾಗುತ್ತಿತ್ತು. ಊರ ಹೊರಗಿನ ಭಟ್ಟಿಯಲ್ಲಿ ಸುಟ್ಟ ಕಲ್ಲನ್ನು ತಂದು ನೀರಿಗೆ ಹಾಕಿದರೆ ಅದು ಕೊತಕೊತ ಕುದಿದು ಅರಳುತ್ತಿತ್ತು. ಅದನ್ನು ಕೆಲ ದಿನ ನೆನೆಯಲು ಬಿಟ್ಟು, ಸೋಸಿ, ಚೂರು ಅಂಟು, ಚಿಟಿಕೆ ನೀಲಿ ಬೆರೆಸಿ ನಾರಿನ ಕುಂಚದಿಂದ ಬಳಿಯುತ್ತಿದ್ದರು. ಗೋಡೆಯ ಬುಡಕ್ಕೆ ಜಾಜಿನ ಪಟ್ಟಿ. ಮಳೆಗಾಲದಲ್ಲಿ ತೇವ ಕುಡಿದ ಕಲ್ಲು ಉಸಿರಾಡಲು ಈ ಸುಣ್ಣ ಬಿಡುತ್ತಿತ್ತು. ಸಣ್ಣ ಬಿರುಕುಗಳನ್ನು ತುಂಬುತ್ತಿತ್ತು. ಹುಳ ಹುಪ್ಪಟೆಗಳನ್ನು ಓಡಿಸುತ್ತಿತ್ತು. ಬಳಿದ ಸುಣ್ಣ ಗಾಳಿಯ ಅಂಗಾರಾಮ್ಲವನ್ನು ಹೀರಿಕೊಂಡು ದಿನಗಳೆದಂತೆ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಅಂದರೆ ಪ್ರತಿ ದೀಪಾವಳಿಗೂ ಪೇಟೆಯ ಗೋಡೆಗಳು ತಮ್ಮದೇ ಜಾತಿಯ ಕಲ್ಲಿನ ತೆಳ್ಳನೆಯ ಹೊಸ ತೊಗಲನ್ನು ಪಡೆಯುತ್ತಿದ್ದವು. ಸುಣ್ಣ ಬಳಿಯಲು ಏಣಿ ಹತ್ತಿದವನೇ ಛಜ್ಜದ ಸಂದಿಯಲ್ಲಿ ಮೊಳೆತ ಅರಳಿ, ಆಲದ ಸಸಿಗಳನ್ನು ಬೇರುಸಹಿತ ಕೀಳುತ್ತಿದ್ದ, ಮಾಳಿಗೆಯ ಹರನಾಳದಲ್ಲಿ ಸಿಕ್ಕ ಕಸ ತೆಗೆಯುತ್ತಿದ್ದ, ಸಡಿಲಾದ ಕಲ್ಲಿಗೆ ಚಕ್ಕೆ ಬಡಿಯುತ್ತಿದ್ದ. ಇಷ್ಟಾದ ಮೇಲೆಯೇ ತಳಿರು, ತೋರಣ.

ಆ ತಳಿರು ತೋರಣಕ್ಕೂ ಒಂದು ಕ್ರಮವಿತ್ತು. ವಿಜಯದಶಮಿಗೆ ತಕ್ಕಡಿ, ತೂಕದ ಕಲ್ಲು, ಮಾಪುಗಳಿಗೆ ಪೂಜೆ. ಸಂಜೆ ಬನ್ನಿ ಎಲೆ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋಗಿ, ಬಂಗಾರದ ಹಾಗೆ ಇರೋಣ ಎಂದು ಹೇಳಿ ಹಿರಿಯರ ಕಾಲಿಗೆ ಬೀಳುವುದು. ವರ್ಷವಿಡೀ ಪೈಪೋಟಿ ನಡೆಸಿದ ಇಬ್ಬರು ಅಡತಿಯವರು ಅಂದು ಒಬ್ಬರ ಕಟ್ಟೆ ಒಬ್ಬರು ಹತ್ತಲೇಬೇಕಿತ್ತು. ದೀಪಾವಳಿ ಅಮಾವಾಸ್ಯೆಗೆ ಬಾಗಿಲಿಗೆರಡು ಬಾಳೆಯ ಕಂಬ, ಕಬ್ಬಿನ ಜಲ್ಲೆ, ಮಾವಿನೆಲೆಯ ತೋರಣ, ಚೆಂಡುಹೂವಿನ ಸರ, ಕೊಂಡಿಗೆ ಬೂದುಗುಂಬಳ, ತಲೆಕೆಳಗಾಗಿ ತೂಗುವ ಲೋಳೆಸರ, ಮಾಡಗಳಲ್ಲಿ ಕುಂಬಾರರ ಪಣತಿ, ಎತ್ತರಕ್ಕೆ ಆಕಾಶಬುಟ್ಟಿ. ಹಬ್ಬ ಬರುವ ಹೊತ್ತಿಗೆ ಹೊಲದಲ್ಲಿ ತೊಗರಿ ಹಳದಿ ಹೂವಾಗಿ ನಿಂತಿರುತ್ತಿತ್ತು. ಪೇಟೆಯ ಚೆಂಡುಹೂವೂ ಹೊಲದ ತೊಗರಿಯೂ ಒಂದೇ ಬಣ್ಣ ಉಡುತ್ತಿದ್ದವು. ಮುಸ್ಲಿಂ ವ್ಯಾಪಾರಿಗಳ ಅಂಗಡಿಗೂ ಅದೇ ಸುಣ್ಣದವನು ಬರುತ್ತಿದ್ದ. ಈದ್, ಉರುಸುಗಳ ದಿನ ಅದೇ ಕೊಂಡಿಗಳಿಗೆ ಬಣ್ಣದ ಕಾಗದದ ಪರಪರಿ ಬೀಳುತ್ತಿತ್ತು. ರೈಲ್ವೆ ಕಾಲೊನಿಗಳಲ್ಲಿ ಡಿಸೆಂಬರ್ ಬಂದರೆ ಕಾಗದದ ನಕ್ಷತ್ರ ತೂಗುತ್ತಿತ್ತು. ಹಾಗಂತ ಆ ಕಾಲವನ್ನು ಬರೀ ಚೆಂದವಾಗಿ ನೆನೆಯುವುದೂ ತಪ್ಪಾದೀತು. ಸುಣ್ಣ ಸುಟ್ಟವರು, ಕಲ್ಲು ಒಡೆದವರು, ಹೂ ಪೋಣಿಸಿದ ಹೆಣ್ಣುಮಕ್ಕಳು, ಪಣತಿ ತಂದುಕೊಟ್ಟವರು ಎಷ್ಟೋ ಕಡೆ ಕೂಲಿಯ ಬದಲು ಒಂದಿಷ್ಟು ಕಾಳಿಗೆ ದುಡಿದರು. ಅವರಲ್ಲಿ ಅನೇಕರಿಗೆ ತಾವೇ ಸಿಂಗರಿಸಿದ ಅಂಗಡಿಯ ಗಾದಿಯ ಹತ್ತಿರ ಹೋಗುವ ಹಕ್ಕಿರಲಿಲ್ಲ. ಗೋಣಿ, ಹತ್ತಿ ತುಂಬಿದ ಅಂಗಡಿಯಲ್ಲಿ ಎಣ್ಣೆ ದೀಪ ಯಾವಾಗಲೂ ಒಂದು ಭಯವೇ ಆಗಿತ್ತು.

1948ರಲ್ಲಿ ರಜಾಕಾರರ ಹಾವಳಿಯ ದಿನಗಳನ್ನು ಕಂಡ ಹಿರಿಯರು ಈಗ ವಿರಳ. ಹಗಲಲ್ಲೇ ಬಾಗಿಲು ಹಾಕಿಕೊಂಡ ಪೇಟೆ ಆ ತಲೆಮಾರಿನ ನೆನಪಿನಲ್ಲಿ ಕೊನೆತನಕ ಉಳಿದಿತ್ತು. ಸೆಪ್ಟೆಂಬರ್ 17ರಂದು ನಮ್ಮನ್ನು ಆಳುತ್ತಿದ್ದ ನಿಜಾಮರ ಸಂಸ್ಥಾನ ಭಾರತಕ್ಕೆ ಶರಣಾಯಿತು. ಸುಮಾರು ಆರು ವಾರಕ್ಕೆ ದೀಪಾವಳಿ ಬಂತು. ಆ ತಿಂಗಳುಗಳಲ್ಲಿ ಎಲ್ಲ ಮನೆಗೂ ನೆಮ್ಮದಿ ಸಮನಾಗಿ ಬರಲಿಲ್ಲ. ಸಂಸ್ಥಾನದ ಹಲವೆಡೆ ಮುಸ್ಲಿಂ ಕುಟುಂಬಗಳೂ ನೋವುಂಡವು ಎಂಬುದನ್ನು ಮರೆಯಬಾರದು. ಎಂಟು ವರ್ಷಗಳ ನಂತರ, 1956ರ ನವೆಂಬರ್ 1ರಂದು, ನಮ್ಮ ಸೀಮೆ ಕನ್ನಡ ರಾಜ್ಯಕ್ಕೆ ಸೇರಿತು. ಅದೂ ದೀಪಾವಳಿಯ ದಿನಗಳಲ್ಲೇ ಬಂದದ್ದರಿಂದ ಎರಡು ಸಂಭ್ರಮಕ್ಕೂ ಒಂದೇ ತೋರಣ ಸಾಕಾಯಿತು. ನಿಜಾಮರ ನಾಣ್ಯವಾದ ಹಾಲಿ ಸಿಕ್ಕದ ಲೆಕ್ಕ ಮುಗಿದು ಹೊಸ ರೂಪಾಯಿ, ಹೊಸ ಪೈಸೆಯ ಲೆಕ್ಕ ಖಾತೆಗೆ ಬಂತು. ಆಗ ಸಿಕ್ಕ ಭರವಸೆಗಳು ದೊಡ್ಡವು: ಶಾಲೆ, ರಸ್ತೆ, ನೀರಾವರಿ, ನೌಕರಿ. ಮುಂದೆ 2012ರ ಕೊನೆಗೆ ಸಂಸತ್ತು ಒಪ್ಪಿದ ಸಂವಿಧಾನದ 371(ಜೆ) ವಿಧಿ, 2019ರಲ್ಲಿ ನಮ್ಮ ಸೀಮೆಗೆ ಬಂದ ಕಲ್ಯಾಣ ಕರ್ನಾಟಕ ಎಂಬ ಹೆಸರು, ಇವೆಲ್ಲ ಅದೇ ಭರವಸೆಯ ಮುಂದುವರಿದ ಕೊಂಡಿಗಳು. ಶಿಕ್ಷಣ, ಉದ್ಯೋಗಗಳಲ್ಲಿ ಆ ವಿಧಿ ತಂದ ಪಾಲನ್ನು ಅಲ್ಲಗಳೆಯುವಂತಿಲ್ಲ. ಆದರೆ ಈ ಯಾವ ಭರವಸೆಯ ಪಟ್ಟಿಯಲ್ಲೂ ಹಳೆಯ ಪೇಟೆ ಬರಲಿಲ್ಲ. ಗುಡಿ, ಮಸೀದಿ, ಕೋಟೆಗಳನ್ನು ಸಂರಕ್ಷಿತ ಸ್ಮಾರಕವೆಂದು ಸಾರಲು 1958ರ ಕೇಂದ್ರ ಕಾಯ್ದೆ, 1961ರ ರಾಜ್ಯ ಕಾಯ್ದೆಗಳಿವೆ. ನಾಲ್ಕು ತಲೆಮಾರು ವ್ಯಾಪಾರ ನಡೆಸಿದ ಅಂಗಡಿ ಸಾಲು ಚರಿತ್ರೆ ಎಂದು ನಮಗೇ ಅನ್ನಿಸಲಿಲ್ಲ. ಹಾಗಾಗಿ ಅದರ ಪರವಾಗಿ ಯಾರೂ ಅರ್ಜಿ ಹಿಡಿದು ಹೋಗಲಿಲ್ಲ.

ಅಷ್ಟರಲ್ಲಿ ನಮ್ಮ ಕಲ್ಲೇ ನಮ್ಮ ಕಟ್ಟಡಗಳಿಗೆ ಪ್ರತಿಸ್ಪರ್ಧಿಯಾಗಿ ಬಂತು. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಎಂಬ ಒಂದೇ ಕಂಪನಿ ಆದಾಗ ಅವುಗಳಲ್ಲಿ ಶಹಾಬಾದಿನ ಸಿಮೆಂಟ್ ಕಂಪನಿಯೂ ಒಂದು. 1960ರ ದಶಕದ ಕೊನೆಗೆ ವಾಡಿಯಲ್ಲಿ, 80ರ ದಶಕದಲ್ಲಿ ಮಳಖೇಡ, ಸೇಡಂಗಳಲ್ಲಿ ಕಾರ್ಖಾನೆಗಳು ಎದ್ದವು. ಭಟ್ಟಿಯಲ್ಲಿ ಸುಟ್ಟು ಸುಣ್ಣವಾಗುತ್ತಿದ್ದ ಕಲ್ಲು ಈಗ ಅದಕ್ಕಿಂತ ಎಷ್ಟೋ ಹೆಚ್ಚಿನ ಉರಿಯಲ್ಲಿ ಬೆಂದು ಸಿಮೆಂಟಾಯಿತು. ಅದರಿಂದ ಬಂದ ಅನ್ನವನ್ನು ನೆನೆಯದೆ ಮುಂದೆ ಹೋಗುವಂತಿಲ್ಲ: ಬರಗಾಲಕ್ಕೆ ಊರು ಬಿಡುತ್ತಿದ್ದ ಸಾವಿರಾರು ಮನೆಗಳಿಗೆ ತಿಂಗಳ ಸಂಬಳ ಬಂತು, ಪೇಟೆಯಲ್ಲಿ ಕೊಳ್ಳುವ ಕೈ ಹೆಚ್ಚಿತು. ಆದರೆ ಬೋನಸ್ಸಿನ ದುಡ್ಡು ಮೊದಲು ಮುಟ್ಟಿದ್ದು ಅಂಗಡಿಯ ಮೋರೆಯನ್ನು. ಕಲ್ಲಿನ ಗೋಡೆಗೆ ಸಿಮೆಂಟಿನ ಗಿಲಾವು ಬಿತ್ತು, ಅದರ ಮೇಲೆ ಆಯಿಲ್ ಪೇಂಟು. ಮಡಿಸುವ ಮರದ ಬಾಗಿಲು ಹೋಗಿ ಶಟರ್ ಬಂತು. ಶಟರಿನ ಪೆಟ್ಟಿಗೆ ಕೂರಿಸಲು ತೊಲೆಯ ಕೊಂಡಿಗಳನ್ನು ಕತ್ತರಿಸಿದರು, ಮಾಡಗಳನ್ನು ಮುಚ್ಚಿದರು. ಉಸಿರು ಕಟ್ಟಿದ ಗೋಡೆ ತೇವವನ್ನು ಒಳಗೇ ಹಿಡಿದುಕೊಂಡಿತು. ಕೆಲವೇ ವರ್ಷಗಳಲ್ಲಿ ಗಿಲಾವು ಉಬ್ಬಿ ಕಳಚತೊಡಗಿದಾಗ ಹಳೆಯ ಕಟ್ಟಡ ಹಾಳಾಯಿತು ಎಂದರು. ಹಾಳು ಮಾಡಿದ್ದು ಮೇಲಿನ ಸಿಮೆಂಟು ಎಂದು ಹೇಳಬಲ್ಲ ಗಾರೆಯವರು ಆ ವೇಳೆಗೆ ಬೇರೆ ಕೆಲಸ ಹಿಡಿದಿದ್ದರು.

ಹಬ್ಬಕ್ಕೂ ಕಟ್ಟಡಕ್ಕೂ ಇದ್ದ ನಂಟು ಸಡಿಲಾದದ್ದು ಸಿಮೆಂಟೊಂದರಿಂದಲೇ ಎನ್ನಲಾಗದು. 1966ರ ಎಪಿಎಂಸಿ ಕಾಯ್ದೆಯ ನಂತರ ಕಾಳಿನ ಸಗಟು ವ್ಯಾಪಾರ ಹಳೆಯ ಬೀದಿಯಿಂದ ಮಾರುಕಟ್ಟೆ ಯಾರ್ಡಿಗೆ ಸರಿಯಿತು. ರೈತನಿಗೆ ಬಹಿರಂಗ ಹರಾಜು, ಸರಿಯಾದ ತೂಕದ ಆಸರೆ ಸಿಕ್ಕಿತು. ಅದು ನಿಜವಾದ ಲಾಭ. ಬೀದಿಯ ಕಲ್ಲಿನ ಅಂಗಡಿಗಳು ಮಾತ್ರ ಗೋದಾಮಾದವು ಇಲ್ಲವೆ ನಾಲ್ಕು ತುಂಡಾಗಿ ಬಾಡಿಗೆಗೆ ಹೋದವು. ಇನ್ನೊಂದು ಬದಲಾವಣೆ ಸದ್ದಿಲ್ಲದೆ ಬಂತು. ದೀಪಾವಳಿಯಿಂದ ದೀಪಾವಳಿಗೆ ವರ್ಷ ಎಣಿಸುವುದು ನಮ್ಮ ವ್ಯಾಪಾರಿಗಳಲ್ಲಿ ಅನೇಕರ ಪದ್ಧತಿಯಾಗಿತ್ತು. ಆದಾಯ ತೆರಿಗೆ ಕಾನೂನು 1989ರಿಂದ ಎಲ್ಲರೂ ಮಾರ್ಚ್ 31ಕ್ಕೇ ಲೆಕ್ಕ ಮುಗಿಸಬೇಕೆಂದಿತು. ಅಲ್ಲಿಯವರೆಗೆ ಹಬ್ಬದ ಮುನ್ನ ಸರಕೆಲ್ಲ ಹೊರಗೆ ತೆಗೆದು ಎಣಿಸುವುದು ಅಗತ್ಯದ ಕೆಲಸ. ಅಂಗಡಿ ಬರಿದಾದಾಗಲೇ ಗೋಡೆಗೆ ಸುಣ್ಣ, ನೆಲಕ್ಕೆ ನೀರು. ಲೆಕ್ಕ ಬೇಸಿಗೆಗೆ ಹೋದ ಮೇಲೆ ಲಕ್ಷ್ಮೀಪೂಜೆ ಉಳಿಯಿತು, ಬರಿದು ಮಾಡುವ ಕೆಲಸ ತಪ್ಪಿತು. ಸರಕಿನ ಹಿಂದಿನ ಗೋಡೆಯನ್ನು ವರ್ಷಗಟ್ಟಲೆ ಯಾರೂ ನೋಡಲಿಲ್ಲ. ಇಂದು ಜಿಎಸ್‌ಟಿಯ ಕಂಪ್ಯೂಟರಿಗೆ ಕುಂಕುಮ ಹಚ್ಚುವ ಕೈಯಲ್ಲಿ ಭಕ್ತಿ ಕಡಿಮೆಯಾಗಿಲ್ಲ; ಆ ಭಕ್ತಿ ಕಟ್ಟಡವನ್ನು ಮುಟ್ಟುವ ದಾರಿ ಮುಚ್ಚಿದೆ.

ಆ ತೆರವಿಗೆ ಪ್ಲಾಸ್ಟಿಕ್ ಬಂದು ಕೂತಿತು. 90ರ ದಶಕದಿಂದೀಚೆಗೆ ಬಾಡದ ಚೆಂಡುಹೂವು, ಒಣಗದ ಮಾವಿನೆಲೆ, ಥರ್ಮೋಕೋಲಿನ ಮಂಟಪ, ಮಿಣುಕುವ ಸರದೀಪ ಅಗ್ಗಕ್ಕೆ ಸಿಕ್ಕವು. ಒಮ್ಮೆ ಕೊಂಡರೆ ಐದು ಹಬ್ಬ ನಡೆಯುತ್ತದೆ ಎಂಬ ಲೆಕ್ಕ ಸಣ್ಣ ಅಂಗಡಿಯವನಿಗೆ ಹಿಡಿಸಿದ್ದು ಸಹಜ. ವಿದ್ಯುತ್ ದೀಪ ಬೆಂಕಿಯ ಭಯವನ್ನು ಬಹುಮಟ್ಟಿಗೆ ತಗ್ಗಿಸಿತು. ಅದನ್ನು ಲಾಭದ ಕಡೆಗೇ ಬರೆಯಬೇಕು. ಆದರೆ ಬಾಡದ ಹೂವಿನಿಂದ ಬಾಡಿದ್ದು ನದಿ ದಂಡೆಯ ಹೂತೋಟ, ಬುಟ್ಟಿ ಹೊತ್ತು ಬರುತ್ತಿದ್ದ ಹೆಣ್ಣುಮಕ್ಕಳ ನಾಲ್ಕು ದಿನದ ದುಡಿಮೆ. ರಾಜ್ಯ ಸರಕಾರ 2016ರಲ್ಲಿ, ಕೇಂದ್ರ ಸರಕಾರ 2022ರ ಜುಲೈ 1ರಿಂದ ಹಲವು ಬಗೆಯ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದವು; ಎರಡನೆಯ ಆದೇಶದಲ್ಲಿ ಅಲಂಕಾರದ ಥರ್ಮೋಕೋಲೂ ಪ್ಲಾಸ್ಟಿಕ್ ಬಾವುಟವೂ ಸೇರಿವೆ. ಕಾಗದದ ಮೇಲೆ ಗೆದ್ದ ಈ ಆದೇಶ ಹಬ್ಬದ ಸಂತೆಯಲ್ಲಿ ಇನ್ನೂ ಗೆಲ್ಲಬೇಕಿದೆ.

ಈಗ ಹಿಂದಿನಂತೆ ಸಿಂಗರಿಸುವ ಆಸೆಯ ಮಾತಿಗೆ ಬರೋಣ. ಬಂಡಿಯ ಗಾಲಿ, ಲಾಂದ್ರ, ಹಿತ್ತಾಳೆ ಕೊಡ ತಂದು ಮೂಲೆಗೆ ಇಟ್ಟರೆ ಹಳೆಯ ಕಾಲ ಬಂತೆಂದು ನಂಬುವವರಿದ್ದಾರೆ. ಗಿಲಾವಿನ ಹಿಂದೆ ಕಲ್ಲು ಕರಗುತ್ತಿರುವಾಗ ಮುಂದೆ ಲಾಂದ್ರ ತೂಗುವುದರಲ್ಲಿ ಕಟ್ಟಡದ ಮೇಲಿನ ಪ್ರೀತಿ ಕಾಣುವುದಿಲ್ಲ. ಮೈಸೂರು ಇದಕ್ಕೆ ಕಹಿಯಾದ ಪಾಠ. ದಸರೆಗೆ ದೀಪ ಉಡುವ ಆ ಊರಿನಲ್ಲಿ 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿತ್ತು. ಕೆಡವಬೇಕೋ ರಿಪೇರಿ ಮಾಡಬೇಕೋ ಎಂಬ ವಾದ ಆಮೇಲೆ ವರ್ಷಗಟ್ಟಲೆ ಎಳೆಯಿತು. ಹಂಪಿಯದು ಬೇರೆ ಪಾಠ. 2011ರಲ್ಲಿ ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಿಂದ ಅಂಗಡಿ, ಮನೆಗಳನ್ನು ತೆರವು ಮಾಡಿದರು. ಕಲ್ಲು ಉಳಿಯಿತು, ಪೇಟೆ ಹೋಯಿತು. ನಮಗೆ ಈ ಎರಡೂ ಬೇಡ. ವ್ಯಾಪಾರ ನಡೆಯುತ್ತಲೇ ಗೋಡೆ ಗಟ್ಟಿಯಾಗಿರಬೇಕು. ಅದಕ್ಕೆ ಹಬ್ಬಕ್ಕಿಂತ ಒಳ್ಳೆಯ ನೆಪ ಇನ್ನೊಂದಿಲ್ಲ.

ಆದ್ದರಿಂದ ಸಿಂಗಾರದ ಯೋಜನೆ ಮಳೆಗಾಲದಲ್ಲೇ ಆಗಲಿ. ಮೊದಲು ಏಣಿ ಹಾಕಿ ಛಜ್ಜ, ಮಾಳಿಗೆ, ಹರನಾಳ ನೋಡಬೇಕು. ಸಂದಿಯಲ್ಲಿ ಬೇರು ಬಿಟ್ಟ ಅರಳಿಯನ್ನು ಪೂಜ್ಯವೆಂದು ಬಿಡದೆ ಎಳೆಯದಾಗಿರುವಾಗಲೇ ಕಿತ್ತು ಬಯಲಲ್ಲಿ ನೆಡುವುದು ಮರಕ್ಕೂ ಗೋಡೆಗೂ ಕ್ಷೇಮ. ಉಬ್ಬಿದ ಸಿಮೆಂಟಿನ ಗಿಲಾವನ್ನು ತಿಳಿದವರ ಕೈಯಿಂದ ಮೆಲ್ಲಗೆ ಬಿಡಿಸಿ ಸುಣ್ಣದ ಗಾರೆಯಿಂದ ಸಂದಿ ತುಂಬಿಸಿ, ನೀಲಿ ಬೆರೆಸಿದ ಸುಣ್ಣ ಬಳಿದರೆ ಹಬ್ಬದ ಅರ್ಧ ಕಳೆ ಅಲ್ಲಿಯೇ ಬಂದಿರುತ್ತದೆ. ಹೊಸ ಮೊಳೆ ಬೇಡ. ಹಳೆಯ ಕೊಂಡಿ ಉಳಿದಿದ್ದರೆ ತುಕ್ಕು ತೆಗೆದು ಬಳಸಬೇಕು, ಇಲ್ಲದಿದ್ದರೆ ಕಟ್ಟೆಯ ಮೇಲೆ ಬಿದಿರಿನ ಚೌಕಟ್ಟು ನಿಲ್ಲಿಸಿ ಅದಕ್ಕೆ ತೋರಣ ಕಟ್ಟಬಹುದು. ಹಳೆಯ ತೊಲೆಗೆ ದೊಡ್ಡ ಫಲಕ, ಭಾರದ ಕುಂಡ ತೂಗಬಾರದು. ಮಾಡದಲ್ಲಿ ಪಣತಿ ಹಚ್ಚುವುದಾದರೆ ಕಾವಲಿಗೆ ಒಬ್ಬರಿರಲಿ. ಉಳಿದ ಬೆಳಕಿಗೆ ಹಳದಿ ಕಾಂತಿಯ ಒಂದೇ ಬಗೆಯ ಬಲ್ಬುಗಳು ಸಾಕು. ಕಲ್ಲಿನ ಬೂದು ಬಣ್ಣಕ್ಕೆ ಅದೇ ಒಪ್ಪುವ ಬೆಳಕು.

ಗಿಡಗಳ ವಿಷಯದಲ್ಲಿ ನಮ್ಮ ಹವೆಯ ಮಾತನ್ನೇ ಕೇಳಬೇಕು. ಬಿಸಿಲಿಗೆ ಕಾಯುವ ಹಾಸುಗಲ್ಲಿನ ಮೇಲೆ, ಸಿಮೆಂಟಿನ ಧೂಳು ಕೂರುವ ಬೀದಿಯಲ್ಲಿ ನರ್ಸರಿಯ ನಾಜೂಕಿನ ಗಿಡಗಳು ಬಾಳುವುದಿಲ್ಲ. ತುಳಸಿ, ಲೋಳೆಸರ, ದಾಸವಾಳ, ದುಂಡುಮಲ್ಲಿಗೆಗಳು ಮಣ್ಣಿನ ಕುಂಡದಲ್ಲಿ ಕಟ್ಟೆಯ ಅಂಚಿಗೆ ನಿಲ್ಲಬಲ್ಲವು. ಎಲೆಯ ಧೂಳಿಗೆ ವಾರಕ್ಕೊಮ್ಮೆ ನೀರು ಚಿಮುಕಿಸಿದರೆ ಸಾಕು. ಚೆಂಡುಹೂವನ್ನು ನಾವೇ ಬೆಳೆಯಬಹುದು. ಆಷಾಢ, ಶ್ರಾವಣದಲ್ಲಿ ಬೀಜ ಚೆಲ್ಲಿ, ತಿಂಗಳೊಪ್ಪತ್ತಿನ ಸಸಿಯನ್ನು ಕಿತ್ತು ನೆಟ್ಟು, ಒಮ್ಮೆ ಕುಡಿ ಚಿವುಟಿದರೆ ಎರಡು ತಿಂಗಳಿಗೆ, ಸರಿಯಾಗಿ ದಸರೆ ದೀಪಾವಳಿಗೆ, ಗಿಡದ ತುಂಬ ಹೂವು. ಈ ಚೆಂಡುಹೂವು ಕೂಡ ಮೆಕ್ಸಿಕೋ ಸೀಮೆಯದು, ಪೋರ್ಚುಗೀಸರ ಕಾಲದಲ್ಲಿ ಕಡಲು ದಾಟಿ ಬಂದದ್ದು. ಪರಂಪರೆ ಹೊಸಬರನ್ನು ಒಳಗೆ ಕರೆದುಕೊಂಡೇ ಬೆಳೆದದ್ದು ಎಂಬುದಕ್ಕೆ ನಮ್ಮ ಹೊಸ್ತಿಲ ಮೇಲಿನ ಈ ಹೂವೇ ಸಾಕ್ಷಿ. ಬನ್ನಿಗೆ ಮಾತ್ರ ನಾವು ಋಣಿಗಳು. ಎಲೆ ಬೇಕಾದಲ್ಲಿ ಕೊಂಬೆಗಳನ್ನೇ ಕಡಿದು ತಂದು ಮರಗಳನ್ನು ಬೋಳಿಸಿದ್ದೇವೆ. ಅವು ಇದ್ದ ಬಯಲನ್ನು ಬಳ್ಳಾರಿ ಜಾಲಿ ತುಂಬಿದೆ. ಪ್ರತಿ ಪೇಟೆಯ ಚೌಕದಲ್ಲಿ, ಗೋಡೆಗಳಿಂದ ದೂರ, ಒಂದೊಂದು ಬನ್ನಿ ಸಸಿ ನೆಟ್ಟರೆ ಅದು ನಿಧಾನವಾಗಿಯೇ ಬೆಳೆಯುತ್ತದೆ, ಆದರೆ ಆಳಕ್ಕೆ ಬೇರಿಳಿಸಿ ಬರಕ್ಕೆ ಬಗ್ಗದೆ ನಿಲ್ಲುತ್ತದೆ.

ಲಾಭ ನಷ್ಟಗಳನ್ನು ಎದುರುಬದುರಿಟ್ಟು ನೋಡಿದಾಗ ಹಿಂದಕ್ಕೆ ಹೋಗಬೇಕೆಂದು ನಮಗೆ ಅನ್ನಿಸುವುದಿಲ್ಲ. ಕಾಳಿಗೆ ದುಡಿಸಿಕೊಳ್ಳುವ ಕಾಲ ಮರಳಬಾರದು. ಇಂದು ಗಾದಿಯ ಮೇಲೆ ಹೆಣ್ಣುಮಕ್ಕಳು ಕೂರುತ್ತಿದ್ದಾರೆ. ಒಂದು ಕಾಲಕ್ಕೆ ಕಟ್ಟೆಯ ಕೆಳಗೇ ನಿಲ್ಲಬೇಕಾದವರ ಮಕ್ಕಳು ಸ್ವಂತ ಅಂಗಡಿ ಇಟ್ಟಿದ್ದಾರೆ. ಪೇಟೆ ಗಳಿಸಿದ ದೊಡ್ಡ ಸಂಪತ್ತು ಅದು. ಮರಳಿ ಪಡೆಯಬೇಕಾದದ್ದು ವರ್ಷಕ್ಕೊಮ್ಮೆ ಗೋಡೆಯನ್ನು ಕೈಯಿಂದ ಮುಟ್ಟಿ ನೋಡುವ ರೂಢಿಯೊಂದನ್ನೇ. ಸುಣ್ಣದ ಕೆಲಸ ಬಲ್ಲವರಿಗೆ, ಹೂ ಬೆಳೆಯುವವರಿಗೆ, ಪಣತಿ ಮಾಡುವವರಿಗೆ ಈ ಸಲ ಪೂರ್ತಿ ಕೂಲಿ ಕೊಟ್ಟು ಅದನ್ನು ಮಾಡಿಸೋಣ. ನಮ್ಮ ಐದು ಊರುಗಳ ಪುರಸಭೆ, ನಗರಸಭೆ, ವ್ಯಾಪಾರಿ ಸಂಘಗಳು ಕೂಡಿ ತಂತಮ್ಮ ಪೇಟೆಯಲ್ಲಿ ಉಳಿದಿರುವ ಕಲ್ಲಿನ ಅಂಗಡಿಗಳ ಪಟ್ಟಿಯನ್ನು ಬರುವ ಮುಂಗಾರಿನೊಳಗೆ ಮಾಡಲಿ. ಯಾವುದರ ಛಜ್ಜ ಸಡಿಲ, ಯಾವುದರ ಕೊಂಡಿ ಗಟ್ಟಿ, ಯಾವುದಕ್ಕೆ ಗಾರೆ ಬೇಕು ಎಂಬುದು ಆ ಪಟ್ಟಿಯಲ್ಲಿರಲಿ. ಪಟ್ಟಿ ಮಾಡಲು ದೊಡ್ಡ ಅನುದಾನ ಬೇಡ, ಹೊಸ ಕಾಯ್ದೆಯೂ ಬೇಡ. ಹಬ್ಬಕ್ಕೆ ತೋರಣ ಕಟ್ಟುವ ಪ್ರತಿ ಅಂಗಡಿಯವರೂ ಅದಕ್ಕೂ ಮೊದಲು ಗೋಡೆಗೆ ಸುಣ್ಣ ಬಳಿಯುತ್ತೇವೆ ಎಂದು ಒಪ್ಪಿಕೊಂಡರೆ, ನಮ್ಮ ಮಕ್ಕಳು ಈ ಪೇಟೆಗಳನ್ನು ಹಳೆಯ ಫೋಟೋಗಳಲ್ಲಿ ಹುಡುಕಬೇಕಾಗಿ ಬರುವುದಿಲ್ಲ.